ಭೀಮಾ ದಂಡೆಯ ಮುರುಮಿನ ಸೈಕಲ್ ದಾರಿ: ಮೂರು ಮಳೆಗಾಲ ಕಂಡ ಮೇಲೆ

ಅಂಕ: ಐದಕ್ಕೆ ಮೂರೂವರೆ

ನಡಿಗೆಗೂ ಸೈಕಲ್ಲಿಗೂ ಒಂದೇ ದಾರಿ, ಅಗಲ ಎರಡೂವರೆ ಮೀಟರ್. ಎರೆ (ಕಪ್ಪು ಮಣ್ಣಿನ) ನೆಲದ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ಮಣ್ಣಿನ ಪದರಗಳು ಬೆರೆಯದಂತೆ ಹಾಸುವ ಕೃತಕ ಬಟ್ಟೆ), ಅದರ ಮೇಲೆ 15 ಸೆಂ.ಮೀ. ಮುರುಮು, ಅಂದರೆ ಗರಸು ಮಣ್ಣು, ಕೊನೆಗೆ 5 ಸೆಂ.ಮೀ. ಕ್ರಷರ್ ಡಸ್ಟ್ (ಜಲ್ಲಿ ಒಡೆಯುವಾಗ ಬರುವ ಕಲ್ಲುಪುಡಿ). ಪೇವರ್ (ಸಿಮೆಂಟ್ ಬಿಲ್ಲೆ) ಹಾಕಿದ್ದರೆ ಉದ್ಘಾಟನೆಯ ಫೋಟೋ ಚೆನ್ನಾಗಿ ಬರುತ್ತಿತ್ತು, ನಿಜ. ಆದರೆ ನೆರೆ ನೀರು ಪೇವರ್ ಕೆಳಗಿನ ಮರಳನ್ನು ಬದಿಯಿಂದ ಎಳೆದೊಯ್ದರೆ ಬಿಲ್ಲೆಗಳು ಹಲ್ಲಿನಂತೆ ಅಲುಗಾಡುತ್ತವೆ. ಮುರುಮನ್ನಾದರೆ ನಾಲ್ಕು ಜನ ಸಲಿಕೆ ಹಿಡಿದು ಸರಿಮಾಡಬಹುದು.

ಬಟ್ಟೆಯಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಎರೆ ನೀರು ಕುಡಿದರೆ ಉಬ್ಬುತ್ತದೆ, ಏಪ್ರಿಲ್ ಬಿಸಿಲಿಗೆ ಕೈ ತೂರುವಷ್ಟು ಬಿರಿಯುತ್ತದೆ. ಬಟ್ಟೆಯಿಲ್ಲದ ಕಡೆ ಮುರುಮು ಬಿರುಕಿಗಿಳಿದು, ಮಳೆಗಾಲದಲ್ಲಿ ಎರೆ ಮೇಲೆದ್ದು ಎರಡೂ ಸೇರಿ ರಾಡಿಯಾಗುತ್ತದೆ. 200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಗುವ) ನಾನ್‌ವೋವನ್, ಅಂದರೆ ನೇಯದ ಬಟ್ಟೆ ಸಾಕು. ತುಂಡಿನ ಮೇಲೆ ತುಂಡು ಒಂದೂವರೆ ಅಡಿ ಬರಲಿ. ನೆಲ ಉಬ್ಬುವುದನ್ನು ಇದು ತಡೆಯದು, ಬೆರೆಯುವುದನ್ನಷ್ಟೇ ತಡೆಯುತ್ತದೆ. ಮಾರುವವರು ಬೇರೆ ಏನೇ ಹೇಳಲಿ.

ಒಂದು ಕಿ.ಮೀ.ಗೆ, ರೋಲರ್ ಹೊಡೆಯುವ ಮುಂಚಿನ ಸಡಿಲ ಅಳತೆಯಲ್ಲಿ, ಸುಮಾರು 170 ಬ್ರಾಸ್ (ಒಂದು ಬ್ರಾಸ್ ಎಂದರೆ 100 ಘನ ಅಡಿ) ಮುರುಮು, 55 ಬ್ರಾಸ್ ಡಸ್ಟ್, 3,000 ಚದರ ಮೀಟರ್ ಬಟ್ಟೆ ಬೇಕು. ಮುರುಮನ್ನು ಎರಡು ಪದರಾಗಿ ಹಾಕಿ ರೋಲರ್ ಹೊಡೆಸಿ. ಹದ ನೋಡಲು ಒಂದು ಮುಷ್ಟಿ ಹಿಡಿದು ಒತ್ತಿ: ಉಂಡೆ ಕಟ್ಟಬೇಕು, ಕೈ ಒದ್ದೆಯಾಗಬಾರದು. ಒಣ ಮುರುಮಿನ ಮೇಲೆ ರೋಲರ್ ಎಷ್ಟು ಓಡಾಡಿದರೂ ಬರೀ ಧೂಳು. ದಾರಿಯ ಅಗಲಕ್ಕೆ ನದಿಯ ಕಡೆಗೆ 6 ಸೆಂ.ಮೀ. ಇಳಿಜಾರು ಕೊಡಿ, ನೀರು ನಿಲ್ಲುವುದಿಲ್ಲ. ಹಳ್ಳ ದಾಟುವಲ್ಲಿ 300 ಮಿ.ಮೀ. ಪೈಪು ಕಸ ಕಟ್ಟಿ ಮುಚ್ಚಿಕೊಳ್ಳುತ್ತದೆ. 600 ಹಾಕಿದರೆ ಬಿದಿರಿನ ಗಳ ತೂರಿಸಿ ಕಸ ತೆಗೆಯಲು ಬರುತ್ತದೆ. ಅಂಚಿಗೆ ಶಹಾಬಾದ್ ಫರಸಿಯನ್ನು (ಇಲ್ಲಿನ ಚಪ್ಪಡಿ ಕಲ್ಲು) ನೆಟ್ಟಗೆ ನಿಲ್ಲಿಸಿದ್ದು ಚೆನ್ನಾಗಿ ಬಾಳುತ್ತಿದೆ. ನಮ್ಮ ಕಲ್ಲೆಂಬ ಅಭಿಮಾನಕ್ಕೆ ಪಾಲಿಶ್ ಫರಸಿಯನ್ನು ದಾರಿಗೇ ಹಾಸಬೇಡಿ, ಒದ್ದೆಯಾದರೆ ಜಾರುತ್ತದೆ.

ಇಲ್ಲಿ ಹನಿ ಬೀಳದಿದ್ದರೂ ಮೇಲೆ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟರೆ ದಂಡೆ ಮುಳುಗುತ್ತದೆ. 2020ರ ಅಕ್ಟೋಬರ್ ನೆರೆಯನ್ನು ಯಾರೂ ಮರೆತಿಲ್ಲ. ನೀರಿಳಿದ ಕೂಡಲೇ, ಹಸಿಯಿರುವಾಗಲೇ ರಾಡಿಯನ್ನು ರಬ್ಬರ್ ಪಟ್ಟಿಯಿಂದ ಎಳೆಯಿರಿ. ವಾರ ಬಿಟ್ಟರೆ ಗಟ್ಟಿಯಾಗಿ, ಕೀಳುವಾಗ ಡಸ್ಟ್ ಪದರವೂ ಅದರ ಜತೆಗೇ ಎದ್ದು ಬರುತ್ತದೆ.

ಒಂದೂವರೆ ಅಂಕ ಕಳೆದದ್ದು ನೆರಳಿಗೂ ಮುಳ್ಳಿಗೂ. ಮೇ ತಿಂಗಳಲ್ಲಿ ಬೆಳಿಗ್ಗೆ ಎಂಟರ ನಂತರ ಈ ದಾರಿ ಯಾರಿಗೂ ಬೇಡ. ಬೇವು, ಹೊಂಗೆಯನ್ನು ಅಂಚಿನಿಂದ ಮೂರು ಮೀಟರ್ ದೂರ ನೆಡಬೇಕು, ಹತ್ತಿರವಾದರೆ ಬೇರು ದಾರಿಯನ್ನೆತ್ತುತ್ತದೆ. ಬಳ್ಳಾರಿ ಜಾಲಿ ಕಡಿದಷ್ಟೂ ಚಿಗುರುತ್ತದೆ. ಬುಡಸಮೇತ ಕೀಳದಿದ್ದರೆ ತಿಂಗಳಿಗೊಂದು ಪಂಕ್ಚರ್ ಖಚಿತ.

ಹಣದ ವಿಷಯ. ಕಟ್ಟಲು ದುಡ್ಡು ಸಿಗುತ್ತದೆ: ಶಾಸಕರ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ, ಅದರ ಜತೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ಆದರೆ ಡಸ್ಟ್ ವರ್ಷಕ್ಕೆ ಒಂದು ಸೆಂ.ಮೀ. ಸವೆಯುತ್ತದೆ, ಅಂದರೆ ಕಿ.ಮೀ.ಗೆ 11 ಬ್ರಾಸ್. ಆ ಸಣ್ಣ ಮೊತ್ತಕ್ಕೆ ಬಜೆಟ್ಟಿನಲ್ಲಿ ಯಾವ ಲೆಕ್ಕ ಶೀರ್ಷಿಕೆಯೂ ಇರುವುದಿಲ್ಲ. ಕಲಬುರಗಿ ಜಿಲ್ಲೆಯಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ; ಅವುಗಳ ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ) ಹಣ ಕೇಳುವಾಗ ಬೆಂಚು, ಬೋರ್ಡು ಕೇಳಬೇಡಿ. ಮೂರು ವರ್ಷದ ಡಸ್ಟು ಮತ್ತು ಎರಡಾಳಿನ ಕೂಲಿಯನ್ನು ಬರವಣಿಗೆಯಲ್ಲಿ ಕೇಳಿ.

ಮರಳಿನ ಟ್ರ್ಯಾಕ್ಟರ್ ಒಂದು ಸಲ ಹತ್ತಿದರೂ ದಾರಿಯಲ್ಲಿ ಗಾಲಿಯ ತಗ್ಗು ಬೀಳುತ್ತದೆ. ಎರಡೂ ತುದಿಗೆ ಒಂದೂಕಾಲು ಮೀಟರ್ ಅಂತರದಲ್ಲಿ ಕಂಬ ಹುಗಿಯಿರಿ, ಗಾಲಿಕುರ್ಚಿ ಹೋಗುತ್ತದೆ, ಟ್ರ್ಯಾಕ್ಟರ್ ಹೋಗದು. ರೋಲರ್ ಬರಲು ಮಧ್ಯದ ಕಂಬ ಬಿಚ್ಚುವಂತಿರಲಿ. ಎಳ್ಳಮವಾಸ್ಯೆಯ ದಿನ ಹೊಲಕ್ಕೆ ಹೋಗುವವರು ಆ ಕಂಬದ ಕೀಲಿ ಕೇಳಿಯೇ ಕೇಳುತ್ತಾರೆ. ಕೊಟ್ಟರೆ ಸಂಜೆಯೇ ಹೋಗಿ ಕಂಬ ವಾಪಸ್ ಕೂತಿದೆಯೇ ನೋಡಿ.