ಒಡೆದ ಧೂಮಕೇತು ನೋಡಲು ಹಬಲ್ ಆರ್ಕೈವ್: ಎಲ್ಲಿ ಸಲೀಸು, ಎಲ್ಲಿ ಕಷ್ಟ

ಹಬಲ್ ದೂರದರ್ಶಕದ ಮೂಲ ಚಿತ್ರಗಳನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದಾದ ತಾಣ ಮಾಸ್ಟ್. ನಡೆಸುವುದು ಬಾಲ್ಟಿಮೋರ್‌ನ ಸ್ಪೇಸ್ ಟೆಲಿಸ್ಕೋಪ್ ಸೈನ್ಸ್ ಇನ್‌ಸ್ಟಿಟ್ಯೂಟ್. ಗೆಲಾಕ್ಸಿ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಸೇವೆ ಇಲ್ಲ. ಧೂಮಕೇತು ಬೇಕಿದ್ದರೆ ಮಾತ್ರ ಒಂದಿಷ್ಟು ತಿಳಿದುಕೊಂಡೇ ಒಳಗೆ ಹೋಗಬೇಕು.

ಒಡೆದು ಚೂರಾದ ಧೂಮಕೇತು ಸಿ/2019 ವೈ4 ಅಟ್ಲಾಸ್ ಅನ್ನೇ ತೆಗೆದುಕೊಳ್ಳಿ. 2020ರ ಏಪ್ರಿಲ್ 20ರಂದು ಹಬಲ್ ಇದರ ಸುಮಾರು 30 ಚೂರುಗಳನ್ನು ಕಂಡಿತು, 23ರಂದು 25. ಆಕಾಶದ ಸ್ಥಾನ ಕೊಟ್ಟು ಹುಡುಕಿದರೆ ಇದು ಸಿಗುವುದು ಕಷ್ಟ, ಏಕೆಂದರೆ ಧೂಮಕೇತು ನಿಂತಲ್ಲಿ ನಿಲ್ಲುವುದಿಲ್ಲ. ಗುರಿಯ ಹೆಸರಿನ ಒಂದು ತುಂಡನ್ನು ನಕ್ಷತ್ರ ಚಿಹ್ನೆಗಳ (*) ನಡುವೆ ಹಾಕಿ, ದಿನಾಂಕ ಮತ್ತು ಡಬ್ಲ್ಯುಎಫ್‌ಸಿ3 ಉಪಕರಣವನ್ನು (ಹಬಲ್‌ನ ಒಂದು ಕ್ಯಾಮೆರಾ) ಜೊತೆಗೆ ಆರಿಸಿ. ಗುರಿಯ ಹೆಸರನ್ನು ಆಯಾ ತಂಡ ತನಗೆ ತೋಚಿದಂತೆ ಬರೆದಿರುತ್ತದೆ. ಒಂದು ರೂಪದಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ನೋಡಿ. ಈ ಸೇವೆಯ ದೊಡ್ಡ ಕೊರತೆ ಇದೇ.

ಮುಂದಿನ ಆಯ್ಕೆ ಇನ್ನೂ ಮುಖ್ಯ: ಹಲವು ಎಕ್ಸ್‌ಪೋಷರ್ ಸೇರಿಸಿ ವಕ್ರತೆ ತಿದ್ದಿದ ಡಿಆರ್‌ಸಿ ಫೈಲೋ, ಒಂದೊಂದೇ ಎಕ್ಸ್‌ಪೋಷರ್‌ನ ಎಫ್‌ಎಲ್‌ಸಿಯೋ? ಡಿಆರ್‌ಸಿ ನೋಡಲು ಅಂದ. ಆದರೆ ಎಕ್ಸ್‌ಪೋಷರ್‌ಗಳನ್ನು ಸೇರಿಸಿ ಕಾಸ್ಮಿಕ್ ಕಿರಣದ (ಬಾಹ್ಯಾಕಾಶದಿಂದ ಬಂದು ಕ್ಯಾಮೆರಾಕ್ಕೆ ಬಡಿಯುವ ಕಣಗಳ) ಗುರುತುಗಳನ್ನು ಅಳಿಸುವಾಗ, ಸರಿದಾಡುವ ಮಸುಕು ಚೂರೂ ಅಳಿಸಿಹೋಗಬಹುದು. ಚೂರು ಎಣಿಸಲು ಎಫ್‌ಎಲ್‌ಸಿಯೇ ಸರಿ. ಪೂರ್ತಿ ಚೌಕಟ್ಟಿನದು ಒಂದೊಂದೂ ಸುಮಾರು 170 ಎಂಬಿ. ಖಗೋಳ ಚಿತ್ರ ನೋಡುವ ಡಿಎಸ್9 ತಂತ್ರಾಂಶದಲ್ಲಿ, ಮಸುಕಾದದ್ದೂ ಕಾಣುವಂತೆ ಲಾಗ್ ಸ್ಕೇಲ್ ಹಾಕಿ, ಎಲ್ಲವನ್ನೂ ಒಂದರ ಹಿಂದೆ ಒಂದು ಬ್ಲಿಂಕ್ ಮಾಡಿ (ಬೇಗಬೇಗ ಬದಲಿಸಿ ತೋರಿಸಿ). ಒಂದೇ ಎಕ್ಸ್‌ಪೋಷರ್‌ನಲ್ಲಿ ಕಂಡು ಮಾಯವಾದದ್ದು ಬಹುತೇಕ ಕಾಸ್ಮಿಕ್ ಕಿರಣ. ಹಬಲ್ ಧೂಮಕೇತುವನ್ನೇ ಹಿಂಬಾಲಿಸುವುದರಿಂದ, ಒಂದೇ ದಿಕ್ಕಿಗೆ ಎಳೆದ ಗೀರುಗಳು ಹಿನ್ನೆಲೆಯ ನಕ್ಷತ್ರಗಳು. ಪ್ರತಿ ಚಿತ್ರದಲ್ಲೂ ಉಳಿಯುವ ಚುಕ್ಕೆಯನ್ನು ಮಾತ್ರ ನಂಬಿ. 20ರ ಯಾವ ಚೂರು 23ರ ಯಾವ ಚೂರು ಎಂದು ಹೊಂದಿಸಲು ಆತುರ ಬೇಡ. ಮೂರೇ ದಿನದಲ್ಲಿ ಅವುಗಳ ರೂಪ ಅಷ್ಟು ಬದಲಾಗಿತ್ತು.

ಎಫ್‌ಎಲ್‌ಸಿ ಚಿತ್ರದಲ್ಲಿ ಉಪಕರಣದ ವಕ್ರತೆ ಹಾಗೇ ಇರುತ್ತದೆ. ಅಂತರವನ್ನು ಪಿಕ್ಸೆಲ್ ಎಣಿಸಿ ಅಳೆದರೆ ತಪ್ಪುತ್ತದೆ, ಆಕಾಶ ನಿರ್ದೇಶಾಂಕದಲ್ಲೇ ಅಳೆಯಿರಿ. ಅಂದು ಧೂಮಕೇತು 14.6 ಕೋಟಿ ಕಿ.ಮೀ. ದೂರದಲ್ಲಿತ್ತು, 0.04 ಆರ್ಕ್‌ಸೆಕೆಂಡಿನ (ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ನೇ ಒಂದು ಭಾಗ) ಒಂದು ಪಿಕ್ಸೆಲ್ ಎಂದರೆ ಅಲ್ಲಿ ಸುಮಾರು 28 ಕಿ.ಮೀ. ಚೂರುಗಳೋ, ಮನೆಯಷ್ಟು ದೊಡ್ಡವು. ಹಾಗಾಗಿ ನಿಮಗೆ ಕಾಣುವುದು ಬಂಡೆಯ ಆಕಾರವಲ್ಲ, ಅದರ ಸುತ್ತಲಿನ ದೂಳಿನ ಹೊಳಪು.

ಇನ್ನೊಂದು ಮಾತು. ಆಕಾಶದಲ್ಲಿ ಸೂರ್ಯನಿಂದ ಸುಮಾರು 50 ಡಿಗ್ರಿಯೊಳಗೆ ಹಬಲ್ ಸಾಮಾನ್ಯವಾಗಿ ನೋಡುವುದಿಲ್ಲ. ಸೂರ್ಯನ ಬಳಿ ಸಾಗುವಾಗಲೇ ಧೂಮಕೇತು ಒಡೆದ ದಿನದ ಚಿತ್ರ ಬೇಕೆಂದು ತಡಕುವ ಮೊದಲು, ಅಂದು ಅದು ಸೂರ್ಯನಿಂದ ಎಷ್ಟು ಡಿಗ್ರಿ ಆಚೆಗಿತ್ತೆಂದು ನೋಡಿಕೊಳ್ಳಿ.