ಸೈನಿಕರ ಮನೆಯವರ ಲೈಫ್ ಸರ್ಟಿಫಿಕೇಟ್: ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಎಲ್ಲಿ ಮಾಡಿಸಿದರೆ ಸರಿ

ನವೆಂಬರ್ ಬಂತೆಂದರೆ ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಡೆ ಭತ್ತದ ಕೊಯ್ಲೂ ಹತ್ತಿ ಬಿಡಿಸುವ ಕೆಲಸವೂ ಒಟ್ಟಿಗೇ ಬೀಳುತ್ತವೆ. ಪೆನ್ಷನ್‌ದಾರರು ತಾವು ಬದುಕಿದ್ದೇವೆ ಎಂಬುದಕ್ಕೆ ಲೈಫ್ ಸರ್ಟಿಫಿಕೇಟ್ ಕೊಡಬೇಕಾದದ್ದೂ ಹೆಚ್ಚಾಗಿ ಅದೇ ತಿಂಗಳು. 80 ದಾಟಿದವರಿಗೆ ಮಾತ್ರ ಅಕ್ಟೋಬರ್‌ನಿಂದಲೇ ಅವಕಾಶವಿದೆ. ಮಿಲ್ಟ್ರಿ ಪೆನ್ಷನ್ ಈಗ ಬಹುಪಾಲು ಸ್ಪರ್ಶ್ ಎಂಬ ವ್ಯವಸ್ಥೆಯಿಂದ, ಅಂದರೆ ಪ್ರಯಾಗ್‌ರಾಜ್‌ನ ಪಿಸಿಡಿಎ ಎಂಬ ರಕ್ಷಣಾ ಲೆಕ್ಕಪತ್ರ ಕಚೇರಿಯಿಂದ, ನೇರ ಖಾತೆಗೆ ಬೀಳುತ್ತದೆ. ಸರ್ಟಿಫಿಕೇಟ್ ಅಲ್ಲಿಗೆ ಮುಟ್ಟದಿದ್ದರೆ ಹಣ ನಿಲ್ಲುತ್ತದೆ. ಆಮೇಲೆ ಕೊಟ್ಟರೆ ಬಾಕಿ ಸೇರಿಸಿ ಬರುತ್ತದೆ, ನಿಜ. ಆದರೆ ಗಂಡನನ್ನು ಕಳೆದುಕೊಂಡು ಕುಟುಂಬ ಪಿಂಚಣಿಯೊಂದರ ಮೇಲೆ ಮನೆ ನಡೆಸುವ ಹೆಣ್ಣುಮಗಳಿಗೆ ಎರಡು ತಿಂಗಳ ತಡವೂ ಸಣ್ಣದಲ್ಲ.

ಇದನ್ನು ಮಾಡಿಸಲು ನಾಲ್ಕು ದಾರಿಗಳಿವೆ: ಸಿಎಸ್‌ಸಿ ಅಂಗಡಿ (ಸರ್ಕಾರಿ ಆನ್‌ಲೈನ್ ಸೇವೆ ಕೊಡುವ ಕಾಮನ್ ಸರ್ವಿಸ್ ಸೆಂಟರ್), ಮನೆಗೆ ಬರುವ ಪೋಸ್ಟ್‌ಮ್ಯಾನ್, ಮನೆಯದೇ ಫೋನು, ಮತ್ತು ಸ್ಪರ್ಶ್ ಸೇವಾ ಕೇಂದ್ರವಾಗಿರುವ ಬ್ಯಾಂಕ್ ಶಾಖೆ. ನಾಲ್ಕರ ಹಿಂದೆಯೂ ಇರುವುದು 2014ರಲ್ಲಿ ಶುರುವಾದ ಜೀವನ್ ಪ್ರಮಾಣ್ ಎಂಬ ಡಿಜಿಟಲ್ ಲೈಫ್ ಸರ್ಟಿಫಿಕೇಟ್ ವ್ಯವಸ್ಥೆಯೇ. ಅದು ಚೆನ್ನಾಗಿದೆ, ವಿವರ ಸರಿ ಕೊಟ್ಟರೆ ಹತ್ತು ನಿಮಿಷದ ಕೆಲಸ. ಎಡವಟ್ಟಾಗುವುದು ಕೌಂಟರಿನಲ್ಲಿ, ಅದರಲ್ಲಿ ಅರ್ಧ ಪಾಲು ಜನರ ಧೋರಣೆಯಿಂದಲೇ.

ವಯಸ್ಸಾದವರಿಗೆ ನಮ್ಮ ಮೊದಲ ಶಿಫಾರಸು ಪೋಸ್ಟ್‌ಮ್ಯಾನ್. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಮನೆಬಾಗಿಲಿಗೆ ಬಂದು ಮಾಡಿಕೊಡುತ್ತದೆ, ತೆರಿಗೆ ಸೇರಿ 70 ರೂಪಾಯಿ. ಊರಿನ ಪೋಸ್ಟ್ ಆಫೀಸಿಗೆ ಹೇಳಿ ಕಳಿಸಿದರೆ ಸಾಕು. ದೇವದುರ್ಗ, ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಿಂದ ತಾಲ್ಲೂಕಿಗೆ ಬಸ್ಸು ಹತ್ತಿ ಬರುವ ಖರ್ಚು, ಒಂದು ದಿನದ ಕೂಲಿ ಲೆಕ್ಕ ಹಾಕಿದರೆ ಇದು ಅಗ್ಗ.

ಮನೆಯಲ್ಲಿ ಮೊಮ್ಮಗನೋ ಮೊಮ್ಮಗಳೋ ಇದ್ದು ಒಳ್ಳೆಯ ಆಂಡ್ರಾಯ್ಡ್ ಫೋನು ಇದ್ದರೆ ಅದಕ್ಕಿಂತ ಸುಲಭದ್ದು ಇನ್ನಿಲ್ಲ. ಎರಡು ಆ್ಯಪ್ ಬೇಕು: ಆಧಾರ್ ಫೇಸ್ ಆರ್‌ಡಿ ಮತ್ತು ಜೀವನ್ ಪ್ರಮಾಣ್. ಮೊದಲು ಫೋನು ಹಿಡಿದವರ ಆಧಾರ್‌ನಿಂದ ಆಪರೇಟರ್ ದೃಢೀಕರಣ ಆಗುತ್ತದೆ, ಆಮೇಲೆ ಪೆನ್ಷನ್‌ದಾರರದು. ಬೆಳಕು ಮುಖದ ಮೇಲೆ ಬೀಳಬೇಕು, ಬೆನ್ನ ಹಿಂದಿನಿಂದ ಅಲ್ಲ. ಮಧ್ಯಾಹ್ನ ಬಾಗಿಲಿಗೆ ಬೆನ್ನು ಮಾಡಿ ಕುಳಿತರೆ ಹೊರಗಿನ ಬಿಸಿಲಿಗೆ ಮುಖ ಕಪ್ಪಾಗಿ ಕಾಣುತ್ತದೆ, ಕ್ಯಾಮೆರಾ ಹಿಡಿಯುವುದಿಲ್ಲ. ಕನ್ನಡಕ ತೆಗೆಯಿರಿ, ಹಣೆಯ ಮೇಲಿನ ಸೆರಗು ಸರಿಸಿ, ಕಣ್ಣು ಮಿಟುಕಿಸಿ ಎಂದಾಗ ನಿಧಾನವಾಗಿ ಮಿಟುಕಿಸಿ. ಇಷ್ಟಾದರೂ ಆಗದಿದ್ದರೆ ಆಧಾರ್‌ನಲ್ಲಿರುವ ಫೋಟೊ ಬಹಳ ಹಳೆಯದಿರಬಹುದು. ಅದನ್ನು ಆಧಾರ್ ಕೇಂದ್ರದಲ್ಲಿ ಹೊಸದು ಮಾಡಿಸಿಕೊಂಡೇ ಬರಬೇಕು.

ಬೆರಳಚ್ಚಿನ ಯಂತ್ರವನ್ನೇ ನೆಚ್ಚಿಕೊಂಡ ಅಂಗಡಿಗೆ ನಾವು ಕಡಿಮೆ ಅಂಕ ಕೊಡುತ್ತೇವೆ. ಮೆಣಸಿನಕಾಯಿ, ಹತ್ತಿ ಬಿಡಿಸಿ, ಕಳೆ ಕಿತ್ತು ಸವೆದ ಹೆಬ್ಬೆಟ್ಟಿನಲ್ಲಿ ಗೆರೆ ಉಳಿದಿರುವುದಿಲ್ಲ. ‘ಯವ್ವಾ, ನಿನ್ನ ಹೆಬ್ಬೆಟ್ಟು ಬರವಲ್ದು, ನಾಳೆ ಬಾ’ ಎಂದು ಕಳಿಸುವ ಬದಲು ಬೇರೆ ಬೆರಳು ಹಚ್ಚಿಸಬೇಕು, ಅದೂ ಆಗದಿದ್ದರೆ ಮುಖದ ದೃಢೀಕರಣ ಮಾಡಬೇಕು. ಎರಡನ್ನೂ ಮಾಡುವ ಅಂಗಡಿಯನ್ನೇ ಆರಿಸಿ.

ಸಿಎಸ್‌ಸಿಗೆ ಹೋಗುವಾಗ ಆಧಾರ್ ಕಾರ್ಡು, ಆಧಾರ್‌ಗೆ ಜೋಡಿಸಿದ ನಂಬರಿನ ಫೋನು, ಪಾಸ್‌ಬುಕ್, ಸ್ಪರ್ಶ್ ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ ಇರಲಿ. ಪಿಪಿಒ ವಿಷಯದಲ್ಲಿ ಎಚ್ಚರ: ಸ್ಪರ್ಶ್‌ನದು 12 ಅಂಕಿಯದು. ಟ್ರಂಕಿನಲ್ಲಿಟ್ಟ ಹಳೆಯ ಕಾಗದದಲ್ಲಿ ಅಕ್ಷರ, ಓರೆಗೆರೆ ಸೇರಿದ ಸಂಖ್ಯೆ ಇರುತ್ತದೆ, ಅದನ್ನು ಹಾಕಿದರೆ ಕೆಲಸ ಕೆಡುತ್ತದೆ. ಪೆನ್ಷನ್ ಬಗೆ ಕೇಳಿದಾಗ ವಿಧವೆಯರಿಗೆ ಫ್ಯಾಮಿಲಿ ಎಂದು ಆರಿಸಬೇಕು, ಸರ್ವಿಸ್ ಅಲ್ಲ. ಮಂಜೂರು ಮಾಡಿದ ಪ್ರಾಧಿಕಾರ ಡಿಫೆನ್ಸ್, ಪಿಸಿಡಿಎ ಪಿ ಅಲಹಾಬಾದ್ (ಪ್ರಯಾಗ್‌ರಾಜ್‌ನ ಹಳೆಯ ಹೆಸರು). ಹಣ ಕೊಡುವ ಸಂಸ್ಥೆ ಸ್ಪರ್ಶ್, ಪಿಸಿಡಿಎ ಪೆನ್ಷನ್ಸ್ ಅಲಹಾಬಾದ್.

ಹೆಚ್ಚು ಜನರ ಪೆನ್ಷನ್ ನಿಲ್ಲುವುದು ಈ ಕೊನೆಯ ಸಾಲಿನಿಂದ. ಪಾಸ್‌ಬುಕ್ ನೋಡಿದ ಆಪರೇಟರ್ ಅಭ್ಯಾಸಬಲದಿಂದ ಬ್ಯಾಂಕಿನ ಹೆಸರು ಹಾಕುತ್ತಾನೆ. ಸರ್ಟಿಫಿಕೇಟ್ ಹುಟ್ಟುತ್ತದೆ, ಪ್ರಮಾಣ್ ಐಡಿಯ ಮೆಸೇಜೂ ಬರುತ್ತದೆ, ಆದರೆ ಅದು ಹೋಗಿ ಸೇರುವುದು ಬ್ಯಾಂಕಿಗೆ. ಸ್ಪರ್ಶ್‌ಗೆ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಪ್ರಿಂಟ್ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಆ ಒಂದು ಸಾಲು ಓದಿಸಿ. ತಪ್ಪಿದ್ದರೆ ಹೊಸದಾಗಿ ಮಾಡಿಸಿದರಾಯಿತು, ಅದಕ್ಕೆ ಅಡ್ಡಿಯಿಲ್ಲ. ಕೆಲವು ದಿನ ಬಿಟ್ಟು ಸ್ಪರ್ಶ್ ಪುಟಕ್ಕೆ ಲಾಗಿನ್ ಆಗಿ ಮುಂದಿನ ವರ್ಷದ ದಿನಾಂಕ ಬಂದಿದೆಯೇ ನೋಡಿ. ಬಂದಿದ್ದರೆ ಮಾತ್ರ ಕೆಲಸ ಮುಗಿದಂತೆ.

ಫಾರ್ಮಿನಲ್ಲಿ ಮರುಮದುವೆ ಆಗಿದೆಯೇ ಎಂಬ ಪ್ರಶ್ನೆ ಇದೆ. ತುಂಬಿದ ಅಂಗಡಿಯಲ್ಲಿ ಅರವತ್ತರ ಹೆಣ್ಣುಮಗಳಿಗೆ ಇದನ್ನು ಕೂಗಿ ಕೇಳುವವರಿದ್ದಾರೆ, ಕೇಳದೆಯೇ ಏನೋ ಒಂದನ್ನು ಒತ್ತುವವರೂ ಇದ್ದಾರೆ. ತಪ್ಪಾಗಿ ಹೌದು ಎಂದು ಬಿದ್ದರೆ ಪೆನ್ಷನ್ನಿಗೇ ಕುತ್ತು. ಪರದೆಯನ್ನು ಅವರ ಕಡೆ ತಿರುಗಿಸಿ, ಕನ್ನಡದಲ್ಲಿ ಮೆಲ್ಲಗೆ ಕೇಳಿ ಒತ್ತುವ ಆಪರೇಟರ್ ಇದ್ದರೆ ಆ ಅಂಗಡಿಯ ಹೆಸರನ್ನು ನಾಲ್ಕು ಜನಕ್ಕೆ ಹೇಳಿ.

ಇನ್ನು ದುಡ್ಡಿನ ಮಾತು. ಸಿಎಸ್‌ಸಿಯಲ್ಲಿ ಸ್ಪರ್ಶ್ ಸೇವೆಯ ಶುಲ್ಕವನ್ನು ರಕ್ಷಣಾ ಲೆಕ್ಕಪತ್ರ ಇಲಾಖೆ ಭರಿಸುತ್ತದೆ. ಆದರೂ ‘ಮಿಲ್ಟ್ರಿ ಮಂದಿಗಿ ಎಲ್ಲಾ ಪುಕ್ಕಟ ಐತಿ, ನೂರು ರೂಪಾಯಿ ಕೊಡಾಕ ಏನಾಗ್ತದ’ ಎಂಬ ಮಾತು ಕೌಂಟರಿನಲ್ಲಿ ಕೇಳಿಬರುತ್ತದೆ. ಸಾಲಿನಲ್ಲಿ ನಿಂತವರೂ ದನಿಗೂಡಿಸುತ್ತಾರೆ. ಈ ಮಾತು ಎಷ್ಟು ನಿಜ ಎಂದು ಲೆಕ್ಕ ಹಾಕಿ ನೋಡಬೇಕು.

ಸಾಮಾನ್ಯ ಕುಟುಂಬ ಪಿಂಚಣಿ ಕೊನೆಯ ವೇತನದ ಶೇ 30. ಕನಿಷ್ಠ ತಿಂಗಳಿಗೆ 9,000 ರೂಪಾಯಿ, ಮೇಲೆ ತುಟ್ಟಿಭತ್ಯೆ. ಪೂರ್ತಿ ವೇತನದಷ್ಟು ಸಿಗುವುದು ಯುದ್ಧದಂಥ ಕಾರ್ಯಾಚರಣೆಯಲ್ಲಿ ಮಡಿದವರ ಮನೆಗೆ. ಇಸಿಎಚ್‌ಎಸ್ ಎಂಬ ನಿವೃತ್ತ ಸೈನಿಕರ ಚಿಕಿತ್ಸಾ ಯೋಜನೆಗೆ ನಿವೃತ್ತಿಯ ಹೊತ್ತಿಗೆ ಕಟ್ಟುವ ವಂತಿಗೆ ಇದೆ, ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನವರಿಗೆ 30,000 ರೂಪಾಯಿ. 1996ಕ್ಕೂ ಮೊದಲು ನಿವೃತ್ತರಾದವರಿಗೆ, ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರಿಗೆ ವಿನಾಯಿತಿ ಇದೆ. ಮಿಲ್ಟ್ರಿ ಕ್ಯಾಂಟೀನಿನಲ್ಲೂ ಯಾವುದೂ ಪುಕ್ಕಟೆಯಲ್ಲ. ಜಿಎಸ್‌ಟಿಯಲ್ಲಿ ಅರ್ಧ ಉಳಿಯುತ್ತದೆ, ಅದೂ ಕಾರ್ಡಿನ ತಿಂಗಳ ಮಿತಿಯೊಳಗೆ. ಮಕ್ಕಳ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಹೆಣ್ಣಿಗೆ ತಿಂಗಳಿಗೆ 3,000, ಗಂಡಿಗೆ 2,500. ಆದರೆ ಅರ್ಜಿ ಹಾಕಿದವರಿಗೆಲ್ಲ ಸಿಗುವುದಿಲ್ಲ, ದೇಶಕ್ಕೆಲ್ಲ ವರ್ಷಕ್ಕೆ 5,500 ಮಾತ್ರ. ಸಿಪಾಯಿಗೆ ಪೆನ್ಷನ್ ಸಿಗಲು 15 ವರ್ಷ ಸೇವೆ ಬೇಕು. ಅದಕ್ಕೆ ಮುಂಚೆ ಹೊರಬಂದ ಎಷ್ಟೋ ಜನ ಮುಪ್ಪಿನಲ್ಲಿ ಬಡತನದ ಅನುದಾನಕ್ಕೆ ಅರ್ಜಿ ಹಾಕುತ್ತಾರೆ. 2022ರಿಂದ ಸೇರುತ್ತಿರುವ ಅಗ್ನಿವೀರರಲ್ಲಿ ನಾಲ್ಕು ವರ್ಷಕ್ಕೆ ಮರಳುವವರಿಗೆ ಸೇವಾನಿಧಿಯ ಇಡಿಗಂಟು ಇದೆ, ಪೆನ್ಷನ್ ಇಲ್ಲ. ಅವರ ತಾಯಂದಿರಿಗೂ ಊರಿನವರು ಇದೇ ಮಾತು ಹೇಳುತ್ತಾರೆ.

ನಮ್ಮ ನಿವೃತ್ತ ಸೈನಿಕರಿಗೂ ಒಂದು ಮಾತು. ಕಾರ್ಡು ತೋರಿಸಿ ಸಾಲು ಮುರಿಯುವ ಹಕ್ಕು ಈ ಸೇವೆಯಲ್ಲಿ ಎಲ್ಲೂ ಬರೆದಿಲ್ಲ. ಟೋಲ್‌ ಗೇಟಿನಲ್ಲೂ 1901ರ ಕಾಯ್ದೆಯ ವಿನಾಯಿತಿ ಕರ್ತವ್ಯದ ಮೇಲಿರುವವರಿಗೆ, ನಿವೃತ್ತರಿಗಲ್ಲ. ಅಲ್ಲಿ ಮಾಡುವ ಜಗಳದ ಬೆಲೆಯನ್ನು ಆಮೇಲೆ ಸಿಎಸ್‌ಸಿಯ ಸಾಲಿನಲ್ಲಿ ನಿಂತ ವಿಧವೆ ತೆರುತ್ತಾಳೆ. ಬರೆದಿರುವುದನ್ನು ಬಿಡಬಾರದು, ಬರೆಯದ್ದನ್ನು ಕೇಳಬಾರದು.

ಬ್ಯಾಂಕ್ ಶಾಖೆ ನಮ್ಮ ಪಟ್ಟಿಯಲ್ಲಿ ಕೊನೆಯದು. ನವೆಂಬರಿನಲ್ಲಿ ಎಲ್ಲ ಇಲಾಖೆಗಳ ಪೆನ್ಷನ್‌ದಾರರೂ ಅಲ್ಲೇ ಇರುತ್ತಾರೆ, ಸ್ಪರ್ಶ್ ಬಗ್ಗೆ ತಿಳಿದ ಸಿಬ್ಬಂದಿ ಒಬ್ಬರಿದ್ದರೆ ಪುಣ್ಯ. ಖಾತೆಯ ವಿವರ ತಪ್ಪಿದ್ದರೆ ಅಥವಾ ಸ್ಪರ್ಶ್‌ನಲ್ಲಿ ದೂರು ದಾಖಲಿಸಬೇಕಿದ್ದರೆ ಅಲ್ಲಿಗೆ ಹೋಗಿ. ಹೆಸರಿನ ತೊಡಕು ಬೇರೆ: ಸೇನೆಯ ದಾಖಲೆಯಲ್ಲಿ ಹನುಮವ್ವ, ಆಧಾರ್‌ನಲ್ಲಿ ಹನುಮಮ್ಮ ಎಂದಿದ್ದರೆ ಯಾವ ಕೌಂಟರಿನಲ್ಲೂ ಸರಿಹೋಗುವುದಿಲ್ಲ. ಸೈನಿಕ ಕಲ್ಯಾಣ ಕಚೇರಿಯ ಮೂಲಕ ಅವರ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆಯಬೇಕು. ಮದ್ರಾಸ್ ಎಂಜಿನಿಯರ್ ಗ್ರೂಪಿನವರದು (ಎಂಇಜಿ) ಬೆಂಗಳೂರಿನಲ್ಲಿದೆ, ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿಯಲ್ಲಿ.

ಸ್ಪರ್ಶ್ ಪುಟಕ್ಕೆ ಲಾಗಿನ್ ಆದಾಗ ಇ-ಪಿಪಿಒ ತೆರೆದು ಇನ್ನೊಂದನ್ನು ನೋಡಿಕೊಳ್ಳಿ: ಪಿಂಚಣಿ ಪಡೆಯುವ ಹೆಣ್ಣುಮಗಳ ಜನ್ಮದಿನಾಂಕ. ಹಳೆಯ ದಾಖಲೆಗಳಲ್ಲಿ ಗಂಡನದು ಮಾತ್ರ ಬರೆದು ಹೆಂಡತಿಯದನ್ನು ಖಾಲಿ ಬಿಟ್ಟದ್ದುಂಟು. 80 ತುಂಬಿದ ಮೇಲೆ ಮೂಲ ಪಿಂಚಣಿಗೆ ಶೇ 20, 85ಕ್ಕೆ ಶೇ 30 ಹೆಚ್ಚುವರಿ ಸೇರಬೇಕು. ಕನಿಷ್ಠ ಪಿಂಚಣಿಯವರಿಗೆ 80ಕ್ಕೆ 9,000 ಹೋಗಿ 10,800 ಆಗಬೇಕು, ತುಟ್ಟಿಭತ್ಯೆ ಬೇರೆ. ದಿನಾಂಕ ಖಾಲಿ ಇದ್ದರೆ ವಯಸ್ಸು ಎಷ್ಟಾದರೂ ಇದು ತಾನಾಗಿ ಸೇರುವುದಿಲ್ಲ. ಆಧಾರ್ ಮತ್ತು ವಯಸ್ಸಿನ ಬೇರೆ ದಾಖಲೆಯ ಪ್ರತಿ ಹಚ್ಚಿ ತಿದ್ದುಪಡಿಗೆ ಅರ್ಜಿ ಹಾಕಿ, 80 ಆಗುವವರೆಗೆ ಕಾಯದೆ ಈ ವರ್ಷವೇ ಹಾಕಿ.