ಸಿಸಿಎನ್‌ಎ ಅಥವಾ ಸೆಕ್ಯುರಿಟಿ ಪ್ಲಸ್: ಕಾಸರಗೋಡಿನ ಉದ್ಯೋಗಾಕಾಂಕ್ಷಿಗಳಿಗೊಂದು ಹೋಲಿಕೆ

ಪದವಿ ಮುಗಿಸಿ ಮಂಗಳೂರು, ಕೊಚ್ಚಿ ಅಥವಾ ಬೆಂಗಳೂರಿನಲ್ಲಿ ನೆಟ್‌ವರ್ಕ್ ಭದ್ರತೆಯ ಕೆಲಸ ಹುಡುಕುವ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಯುವಜನರ ಮುಂದೆ ನೆಟ್‌ವರ್ಕ್ ಉಪಕರಣ ತಯಾರಿಸುವ ಸಿಸ್ಕೋ ಸಂಸ್ಥೆಯ ಸಿಸಿಎನ್‌ಎ ಮತ್ತು ಕಾಂಪ್‌ಟಿಯಾ ಸಂಸ್ಥೆಯ ಸೆಕ್ಯುರಿಟಿ ಪ್ಲಸ್ ಎಂಬ ಎರಡು ಪ್ರಮಾಣಪತ್ರಗಳ ದಾರಿಗಳಿವೆ. ಎರಡಕ್ಕೂ ಪೂರ್ವಾನುಭವ ಕಡ್ಡಾಯವಲ್ಲ. ಎರಡೂ 3 ವರ್ಷಗಳ ಬಳಿಕ ನವೀಕರಣ ಬೇಡುತ್ತವೆ.

120 ನಿಮಿಷಗಳ ಸಿಸಿಎನ್‌ಎ ಪರೀಕ್ಷೆಯಲ್ಲಿ ಭದ್ರತೆಗೆ ಮೀಸಲಾದ ಪಾಲು ಶೇ. 15 ಮಾತ್ರ; ಹೆಚ್ಚಿನ ಭಾಗ ಐಪಿ ವಿಳಾಸಗಳ ವಿಂಗಡಣೆ, ವಿಲ್ಯಾನ್ (ಒಂದೇ ಜಾಲವನ್ನು ಪ್ರತ್ಯೇಕ ಗುಂಪುಗಳಾಗಿ ವಿಭಜಿಸುವ ವಿಧಾನ), ರೂಟಿಂಗ್ (ದತ್ತಾಂಶಕ್ಕೆ ದಾರಿ ತೋರುವುದು) ಮುಂತಾದವುಗಳದು. ಇದನ್ನು ನಾನು ಕೊರತೆಯೆಂದು ಎಣಿಸುವುದಿಲ್ಲ. ಪ್ಯಾಕೆಟ್, ಅಂದರೆ ಜಾಲದಲ್ಲಿ ಸಾಗುವ ದತ್ತಾಂಶದ ತುಣುಕು, ಯಾವ ದಾರಿಯಲ್ಲಿ ಸಾಗುತ್ತದೆಂದು ತಿಳಿಯದವರು ಅವುಗಳನ್ನು ಸೋಸುವ ಫೈರ್‌ವಾಲ್‌ಗೆ ನಿಯಮ ಬರೆಯಹೊರಟರೆ, ತಡೆಯಬೇಕಾದುದನ್ನು ಒಳಬಿಟ್ಟು, ಬಿಡಬೇಕಾದುದನ್ನು ತಡೆಯುವ ಅಪಾಯವಿದೆ. ಮೇಲಾಗಿ, ಕಂಪ್ಯೂಟರಿನಲ್ಲೇ ಅಣಕು ಜಾಲ ಕಟ್ಟಿ ನೋಡುವ ಸಿಸ್ಕೋದ ಪ್ಯಾಕೆಟ್ ಟ್ರೇಸರ್ ತಂತ್ರಾಂಶ ಉಚಿತವಾಗಿ ದೊರೆಯುವುದರಿಂದ, ದುಬಾರಿ ಉಪಕರಣಗಳಿಲ್ಲದೆ ಮನೆಯಲ್ಲೇ ಅಭ್ಯಾಸ ಮಾಡಬಹುದು.

ಸೆಕ್ಯುರಿಟಿ ಪ್ಲಸ್ ಯಾವ ಕಂಪನಿಯ ಉಪಕರಣಕ್ಕೂ ಕಟ್ಟುಬಿದ್ದಿಲ್ಲ. 90 ನಿಮಿಷಗಳಲ್ಲಿ ಗರಿಷ್ಠ 90 ಪ್ರಶ್ನೆಗಳು. ತೇರ್ಗಡೆಗೆ 100ರಿಂದ 900ರ ಮಾಪನದಲ್ಲಿ 750 ಬೇಕು. ದಾಳಿಯ ಬಗೆಗಳು, ಗೂಢಲಿಪೀಕರಣ, ಘಟನಾ ನಿರ್ವಹಣೆ ಇದರ ತಿರುಳಾದ್ದರಿಂದ ಭದ್ರತಾ ನಿಗಾ ಕೇಂದ್ರದ ಕೆಲಸಕ್ಕೆ ಇದೇ ಹತ್ತಿರ. ಅಮೆರಿಕದ ರಕ್ಷಣಾ ಇಲಾಖೆಯ ಮಾನ್ಯತೆ ಇದರ ಖ್ಯಾತಿಗೊಂದು ಕಾರಣ. ಆ ಮಾನ್ಯತೆ ನಮ್ಮ ಊರಿನ ಅಭ್ಯರ್ಥಿಗೆ ನೇರವಾಗಿ ಒದಗದು.

ನೆಟ್‌ವರ್ಕಿಂಗ್ ಓದಿರದವರು ಮೊದಲು ಸಿಸಿಎನ್‌ಎ ಆರಿಸಿಕೊಳ್ಳಲಿ. ಅಡಿಪಾಯ ಗಟ್ಟಿಯಿದ್ದವರು ನೇರವಾಗಿ ಸೆಕ್ಯುರಿಟಿ ಪ್ಲಸ್‌ಗೆ ಹೋಗಬಹುದು. ಅನುಭವಿಗಳಿಗಾಗಿರುವ ಸಿಐಎಸ್‌ಎಸ್‌ಪಿ ಎಂಬ ಮೇಲ್ಮಟ್ಟದ ಭದ್ರತಾ ಪ್ರಮಾಣಪತ್ರ ಸದ್ಯಕ್ಕೆ ಬೇಡ, ಏಕೆಂದರೆ ಅದರ ಪೂರ್ಣ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ 5 ವರ್ಷಗಳ ಅನುಭವ ಬೇಕು.